ಕೂಳೂರಿನಲ್ಲಿ ಬ್ಲಾಕ್ ಎಂದು ಅತ್ತೆಗೆ ಸುಳ್ಳು ಹೇಳಿದೆ

ಬೈಕಂಪಾಡಿ ಅಮ್ಮ | ಬುಧವಾರ ರಾತ್ರಿ 11:20

ಎಲ್ಲಿ ಬರೆಯಬೇಕೆಂದು ತಿಳಿಯದೆ ಇಲ್ಲಿ ಬರೆಯುತ್ತಿದ್ದೇನೆ. ಮಗನಿಗೆ ಏಳು ವರ್ಷ. ಮೂರು ತುಂಬುವ ಮೊದಲೇ ಆಟಿಸಂ ಎಂದು ಗೊತ್ತಾಗಿತ್ತು. ಹತ್ತು ಹನ್ನೆರಡು ಶಬ್ದ ಮಾತನಾಡುತ್ತಾನೆ, ಉಳಿದದ್ದನ್ನು ಕೈ ಹಿಡಿದು ಎಳೆದು ಹೇಳುತ್ತಾನೆ.

ನಾನು ವಾರಕ್ಕೆ ಮೂರು ದಿನ ಮಂಗಳೂರಿನ ಹಂಪನಕಟ್ಟೆಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಹೋಗುತ್ತೇನೆ. ಶಾಲೆ ಬಿಟ್ಟ ಮೇಲೆ ನಾನು ಬರುವವರೆಗೆ ಅತ್ತೆ ಅವನನ್ನು ನೋಡಿಕೊಳ್ಳುತ್ತಾರೆ. ನಿನ್ನೆ ಸಂಜೆ ಬಸ್ ಕೂಳೂರು ಸೇತುವೆಯನ್ನು ಒಂದೇ ಉಸಿರಿಗೆ ದಾಟಿತು. ನನ್ನ ಸ್ಟಾಪ್ ಬಂತು, ಕಂಡಕ್ಟರ್ ಕೂಗಿದ, ನಾನು ಏಳಲಿಲ್ಲ. ಸುರತ್ಕಲ್‌ಗೆ ಇನ್ನೊಂದು ಟಿಕೆಟ್ ತೆಗೆದುಕೊಂಡೆ. ಅಲ್ಲಿ ಇಳಿದು ಅತ್ತೆಗೆ ಫೋನ್ ಮಾಡಿ, ‘ಕೂಳೂರು ಸೇತುವೆಯಲ್ಲಿ ಬ್ಲಾಕ್, ಅರ್ಧ ಗಂಟೆ ತಡವಾಗುತ್ತದೆ’ ಎಂದೆ. ಹೋಟೆಲಿಗೆ ಹೋಗಿ ಒಂದು ಪ್ಲೇಟ್ ಗೋಳಿಬಜೆ ಹೇಳಿದೆ. ಬಿಸಿ ಇರುವಾಗಲೇ ತಿಂದೆ. ಯಾರೂ ತೋಳು ಎಳೆಯಲಿಲ್ಲ. ಅಳು ಬರಲಿಲ್ಲ, ಸಂತೋಷವೂ ಆಗಲಿಲ್ಲ. ಸುಮ್ಮನೆ ಮಳೆ ನೋಡುತ್ತ ಕುಳಿತಿದ್ದೆ.

ಮನೆಗೆ ಬಂದರೆ ಮಗ ಗೇಟಿನ ಬಳಿ ನಿಂತಿದ್ದ. ಅವನಿಗೆ ಗಡಿಯಾರ ನೋಡಲು ಬರುವುದಿಲ್ಲ, ಆದರೆ ನನ್ನ ಬಸ್ಸಿನ ಹಾರ್ನ್ ಗೊತ್ತು. ಹಾರ್ನ್ ಕೇಳಿದ ಕೂಡಲೇ ಗೇಟಿಗೆ ಓಡಿ ಬಂದವನು ಒಳಗೆ ಹೋಗಲು ಒಪ್ಪಲೇ ಇಲ್ಲವಂತೆ. ಅತ್ತೆ ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದರು. ಅವರ ಸೀರೆಯ ಅಂಚು ಪೂರ್ತಿ ಒದ್ದೆ. ‘ಪಾಪ, ಆ ಬ್ಲಾಕಿನಲ್ಲಿ ಎಷ್ಟು ಹೊತ್ತು ನಿಂತೆಯೋ’ ಎಂದರು.

ನಿನ್ನೆಯಿಂದ ಊಟ ಸೇರುತ್ತಿಲ್ಲ. ನಿಮಗೂ ಹೀಗೆ ಆಗುವುದುಂಟೇ? ಇದು ಸೋಮಾರಿತನವೋ, ಕಾಯಿಲೆಯೋ?

ಕೋರಿರೊಟ್ಟಿ ಅಪ್ಪ | 11:41

ಅಕ್ಕ, ನಾನು ಸ್ಕೂಟರ್ ತೊಳೆಯುತ್ತೇನೆ. ಭಾನುವಾರ ಒಂದು ಗಂಟೆ, ಬುಧವಾರ ಅರ್ಧ ಗಂಟೆ. ಇಡೀ ಕಾರ್ಕಳ ತಾಲೂಕಿನಲ್ಲಿ ನಮ್ಮ ಸ್ಕೂಟರಿನಷ್ಟು ಸ್ವಚ್ಛವಾದ ಸ್ಕೂಟರ್ ಇನ್ನೊಂದಿಲ್ಲ. ಹೆಂಡತಿಗೆ ಗೊತ್ತಾಗಿದೆ ಎಂದು ನನಗೆ ಗೊತ್ತು, ಆದರೂ ಇಬ್ಬರೂ ಆ ಮಾತು ಎತ್ತುವುದಿಲ್ಲ.

ಮೂಡುಬಿದಿರೆ 2 | 11:44

ರೇಷನ್ ಅಂಗಡಿಯಲ್ಲಿ ಸರ್ವರ್ ಡೌನ್. ನನ್ನ ಕಾಯಂ ಸುಳ್ಳು. ಈವರೆಗೆ ಯಾರೂ ಸಂಶಯಪಟ್ಟಿಲ್ಲ.

ಕೊಟ್ಟಾರ ಚೌಕಿ | 11:52

ಉಳಿದದ್ದು ಹಾಗಿರಲಿ, ಸಂಜೆ ಹೊತ್ತಿಗೆ ಕೂಳೂರಿನಲ್ಲಿ ಬ್ಲಾಕ್ ಇರಲಿಲ್ಲವೇ? ಯಾವ ತಾರೀಕು ಎಂದು ಸರಿಯಾಗಿ ಹೇಳಿ, ಕಲ್ಲಿನಲ್ಲಿ ಕೆತ್ತಿಸಿ ಸೇತುವೆಯ ಬುಡದಲ್ಲಿ ನಿಲ್ಲಿಸೋಣ.

ನಿವೃತ್ತ ಮಾಸ್ತರ, ಬ್ರಹ್ಮಾವರ | ಗುರುವಾರ ಬೆಳಿಗ್ಗೆ 5:30

ಮೊದಲನೆಯದಾಗಿ, ಕನ್ನಡದಲ್ಲಿ ಆಟಿಸಂಗೆ ಸ್ವಲೀನತೆ ಎಂಬ ಒಳ್ಳೆಯ ಪದವಿದೆ. ಎರಡನೆಯದಾಗಿ, ತಂಗೀ, ಬೇಸರಿಸಬೇಡಿ. ನನ್ನ ತಾಯಿ ಒಂಬತ್ತು ಮಕ್ಕಳನ್ನು ಸಾಕಿದರು. ಗದ್ದೆ ಕೆಲಸ, ದನಕರು, ಮೇಲಿಂದ ಅತ್ತೆ ಮಾವ. ಅವರ ಬಾಯಲ್ಲಿ ಒಂದು ದಿನವೂ ‘ಒತ್ತಡ’ ಎಂಬ ಮಾತು ಕೇಳಿಲ್ಲ. ಈಗ ಮಗು ಒಂದೇ, ತಾಯಿ ಹೊರಗೆ, ಕೈಯಲ್ಲಿ ಮೊಬೈಲು. ಮಕ್ಕಳು ತಮ್ಮೊಳಗೇ ಮುಳುಗದೆ ಇನ್ನೇನು ಮಾಡಿಯಾವು? ತಾಯಿಯ ಪ್ರೀತಿಗೆ ಬದಲಿ ಯಾವುದೂ ಇಲ್ಲ.

ಮೂಡುಬಿದಿರೆ 2 | 6:58

ಆ ಒಂಬತ್ತು ಮಕ್ಕಳ ಮನೆಯಲ್ಲಿ ದೊಡ್ಡವರು ಎಷ್ಟು ಜನ ಇದ್ದರು ಮಾಸ್ತರರೇ? ಚಿಕ್ಕಮ್ಮ, ದೊಡ್ಡಮ್ಮ, ಸೋದರತ್ತೆ, ಮದುವೆಯಾಗದ ಒಬ್ಬ ಮಾವ, ಕೆಲಸದವರು. ಮಗು ಯಾರ ಸೊಂಟದಲ್ಲಿದೆ ಎಂಬುದೇ ತಾಯಿಗೆ ಗೊತ್ತಿರುತ್ತಿರಲಿಲ್ಲ. ನಮ್ಮ ಫ್ಲ್ಯಾಟಿನಲ್ಲಿ ನಾನು, ಮಗಳು ಮತ್ತು ವಾಷಿಂಗ್ ಮಷಿನ್.

ಮಣಿಪಾಲದ ಓದುಗ | 7:25

ಮಾಸ್ತರರ ಮಾತಿಗೆ ಸಿಟ್ಟಿಲ್ಲದೆ ಉತ್ತರಿಸಲು ಪ್ರಯತ್ನಿಸುತ್ತೇನೆ, ಏಕೆಂದರೆ ಅದು ಅವರೊಬ್ಬರ ಮಾತಲ್ಲ. ಒಂದು ಕಾಲದಲ್ಲಿ ದೊಡ್ಡ ದೊಡ್ಡ ವೈದ್ಯರೇ ಹಾಗೆ ಹೇಳಿದ್ದರು. ಅಮೆರಿಕದ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಇರುವ ಮಕ್ಕಳ ಬಗ್ಗೆ ತಮ್ಮ ಪ್ರಸಿದ್ಧ ಲೇಖನ ಬರೆದದ್ದು 1943ರಲ್ಲಿ. ಕೆಲವು ವರ್ಷಗಳಲ್ಲಿ ಅವರೇ ತಂದೆತಾಯಿಯ ತಣ್ಣಗಿನ ನಡವಳಿಕೆಯನ್ನು ದೂರತೊಡಗಿದರು. ಅಲ್ಲಿಂದ ಹುಟ್ಟಿದ್ದು ‘ರೆಫ್ರಿಜರೇಟರ್ ತಾಯಿ’ ಎಂಬ ಅಡ್ಡಹೆಸರು. ಮನಶ್ಶಾಸ್ತ್ರಜ್ಞ ಬ್ರೂನೋ ಬೆಟಲ್‌ಹೈಮ್ 1960ರ ದಶಕದಲ್ಲಿ ಅದನ್ನು ಊರೆಲ್ಲ ಸಾರಿದರು. ಒಂದು ತಲೆಮಾರಿನ ತಾಯಂದಿರು ಮಗುವನ್ನು ನೋಡಿಕೊಳ್ಳುವುದರ ಜೊತೆಗೆ ಈ ಆರೋಪವನ್ನೂ ಹೊತ್ತು ತಿರುಗಿದರು.

ಅದನ್ನು ಒಡೆದವರಲ್ಲಿ ಮೊದಲಿಗರು ಬರ್ನಾರ್ಡ್ ರಿಮ್‌ಲ್ಯಾಂಡ್, 1964ರಲ್ಲಿ. ಅವರು ಮನಶ್ಶಾಸ್ತ್ರಜ್ಞರು, ಅದಕ್ಕಿಂತ ಮುಖ್ಯವಾಗಿ ಆಟಿಸಂ ಇರುವ ಮಗನ ತಂದೆ. ಮಿದುಳಿನ ಬೆಳವಣಿಗೆಯ ವಿಷಯವಿದು, ಪ್ರೀತಿಯ ಕೊರತೆಯದ್ದಲ್ಲ ಎಂದು ವಾದಿಸಿದರು. ಆಮೇಲೆ ಅವಳಿ ಮಕ್ಕಳ ಅಧ್ಯಯನಗಳು ಬಂದು ವಂಶವಾಹಿಗಳ ಪಾತ್ರ ಸ್ಪಷ್ಟವಾಯಿತು. ಕ್ಯಾನರ್ ಕೂಡ 1969ರಲ್ಲಿ ಪೋಷಕರ ಸಭೆಯೊಂದರಲ್ಲಿ ನಿಂತು, ತಂದೆತಾಯಿಯರನ್ನು ಆ ಆರೋಪದಿಂದ ಬಿಡುಗಡೆ ಮಾಡುತ್ತಿದ್ದೇನೆ ಎಂದರು. ಅಮೆರಿಕದಲ್ಲಿ 1969ಕ್ಕೆ ಖುಲಾಸೆಯಾದ ಕೇಸು ಬ್ರಹ್ಮಾವರದಲ್ಲಿ ಇನ್ನೂ ನಡೆಯುತ್ತಿದೆ.

ನಿವೃತ್ತ ಮಾಸ್ತರ, ಬ್ರಹ್ಮಾವರ | 7:40

ಕೊನೆಯ ವಾಕ್ಯ ಬೇಕಿರಲಿಲ್ಲ. ಉಳಿದದ್ದು ನನಗೆ ಗೊತ್ತಿರಲಿಲ್ಲ.

ಕಟೀಲು ರಸ್ತೆ | 8:15

ಒಮ್ಮೆ ಜ್ಯೋತಿಷಿಗಳಲ್ಲಿ ಪ್ರಶ್ನೆ ಇಟ್ಟು ನೋಡಿದ್ದೀರಾ? ನಮ್ಮ ಸಂಬಂಧಿಕರ ಮಗುವಿಗೂ ಹೀಗೆಯೇ ಇತ್ತು. ನಾಗದೋಷ ಎಂದು ಕಂಡುಬಂತು.

ಕೋರಿರೊಟ್ಟಿ ಅಪ್ಪ | 8:31

ಬಂದೇ ಬಿಟ್ಟಿತು. ನಾಗ ಇನ್ನೂ ಬರಲಿಲ್ಲವಲ್ಲ ಎಂದು ಕಾಯುತ್ತಿದ್ದೆ.

ಹೆಬ್ರಿ ಚಿಕ್ಕಮ್ಮ | 9:10

ನಗಬೇಡಿ ಅಪ್ಪನವರೇ. ನಾವು ಸುಬ್ರಹ್ಮಣ್ಯಕ್ಕೆ ಹೋಗಿ ಆಶ್ಲೇಷಾ ಬಲಿ ಮಾಡಿಸಿದವರು. ಮಗಳಲ್ಲಿ ಏನೂ ಬದಲಾಗಲಿಲ್ಲ, ಆಗುತ್ತದೆಂಬ ನಂಬಿಕೆಯೂ ನನಗಿರಲಿಲ್ಲ. ಆದರೆ ಅವತ್ತು ಹದಿನಾಲ್ಕು ಜನ ಜೊತೆಗೆ ಬಂದಿದ್ದರು. ಅವಳು ಕಿರುಚಿದಾಗ ನನ್ನ ಭಾವ ಹೆಗಲ ಮೇಲೆ ಕೂರಿಸಿಕೊಂಡು ಹೊರಗೆ ಸುತ್ತಾಡಿಸಿದರು, ಓರಗಿತ್ತಿ ಊಟ ಮಾಡಿಸಿದಳು. ವಾಪಸು ಬರುವಾಗ ವ್ಯಾನಿನಲ್ಲಿ ನಾನು ಸುಬ್ರಹ್ಮಣ್ಯದಿಂದ ಉಜಿರೆಯವರೆಗೆ ಬಾಯಿ ತೆರೆದು ನಿದ್ದೆ ಮಾಡಿದೆ. ದೋಷ ಪರಿಹಾರವಾಯಿತೋ ಇಲ್ಲವೋ, ನಿದ್ದೆಯಂತೂ ಆಯಿತು.

ನನ್ನ ಸಿಟ್ಟು ಪೂಜೆಯ ಮೇಲಲ್ಲ. ಪೂಜೆಗೆ ಬಂದ ಆ ಹದಿನಾಲ್ಕು ಜನರಲ್ಲಿ ಒಬ್ಬರೂ ಮಾರನೆಯ ಸೋಮವಾರ ಬರಲಿಲ್ಲವಲ್ಲ, ಅದರ ಮೇಲೆ.

ಮೂಡುಬಿದಿರೆ 2 | 9:14

ಕೊನೆಯ ಸಾಲನ್ನು ಮೂರು ಸಲ ಓದಿದೆ.

ಕಟೀಲು ರಸ್ತೆ | 9:30

ನೋಯಿಸುವ ಉದ್ದೇಶವಿರಲಿಲ್ಲ. ಕ್ಷಮಿಸಿ.

ಆರೋಗ್ಯ ಸಲಹೆ ಉಚಿತ | 10:02

[ನಿರ್ವಾಹಕರು ತೆಗೆದುಹಾಕಿದ್ದಾರೆ]

ನಿರ್ವಾಹಕ | 10:20

ಸ್ಟೆಮ್ ಸೆಲ್ ಚಿಕಿತ್ಸೆಯ ಜಾಹೀರಾತು ಇಲ್ಲಿ ಬೇಡ. ಆಟಿಸಂಗೆ ಆ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಸೋತು ಕುಳಿತವರ ಜೇಬಿಗೆ ಕೈ ಹಾಕುವುದನ್ನು ನಾನು ಬಿಡುವುದಿಲ್ಲ. ಚರ್ಚೆ ಮುಂದುವರಿಯಲಿ.

ಮೂಲ್ಕಿ ತಾಯಿ | ಮಧ್ಯಾಹ್ನ 12:40

ನನ್ನ ಸಂಕಟ ಬೇರೆ ಬಗೆಯದು, ಆದರೂ ಬರೆಯುತ್ತೇನೆ. ನಮ್ಮ ಮನೆಮಾತು ತುಳು. ಮಗನಿಗೆ ಎರಡೂವರೆ ವರ್ಷವಾದಾಗ ಒಬ್ಬರು ತಜ್ಞರು, ‘ಮನೆಯಲ್ಲಿ ತುಳು, ಅಂಗಡಿಯಲ್ಲಿ ಕೊಂಕಣಿ, ಟಿವಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಎಂದರೆ ಮಗು ಗೊಂದಲಕ್ಕೆ ಬೀಳುತ್ತದೆ. ಇವತ್ತಿನಿಂದ ಇಂಗ್ಲಿಷ್ ಒಂದೇ’ ಎಂದರು. ಮನೆಯವರೆಲ್ಲ ಒಪ್ಪಿದೆವು. ನನ್ನ ಇಂಗ್ಲಿಷ್ ಎಂದರೆ ಹತ್ತನೇ ತರಗತಿಯಲ್ಲಿ ಕಷ್ಟಪಟ್ಟು ಪಾಸಾದ ಇಂಗ್ಲಿಷ್. ಬಾ, ಕುಳಿತುಕೋ, ತಿನ್ನು, ಬೇಡ ಎಂಬಷ್ಟನ್ನೇ ದಿನವಿಡೀ ಹೇಳುತ್ತಿದ್ದೆ. ಪೊಲೀಸಿನವರು ಮಾತನಾಡಿದ ಹಾಗೆ. ಮಗನನ್ನು ಮುದ್ದಿಸಬೇಕೆಂದರೆ ಇಂಗ್ಲಿಷಿನಲ್ಲಿ ಏನು ಹೇಳಬೇಕೆಂದೇ ನನಗೆ ಗೊತ್ತಿರಲಿಲ್ಲ. ರಾತ್ರಿ ಅವನು ನಿದ್ದೆ ಹೋದ ಮೇಲೆ ಕಿವಿಯ ಹತ್ತಿರ ‘ಎನ್ನ ಬಾಲೆ’ ಎನ್ನುತ್ತಿದ್ದೆ, ಕಳ್ಳತನ ಮಾಡಿದವಳಂತೆ.

ಮೂರು ವರ್ಷ ಹೀಗೆಯೇ ಹೋಯಿತು. ನನಗೇ ಮಾತು ಕಡಿಮೆಯಾಯಿತು. ಗಂಡನ ಜೊತೆಯೂ ಮಾತು ನಿಂತಿತು, ಮಗನ ಎದುರು ತುಳು ಆಡಬಾರದಲ್ಲ! ಆಮೇಲೆ ಇನ್ನೊಬ್ಬರು ವಾಕ್ ಚಿಕಿತ್ಸಕಿ ಸಿಕ್ಕಿದರು. ಅವರು ಮೊದಲು ಕೇಳಿದ ಪ್ರಶ್ನೆಯೇ ‘ನೀವು ನಗುವುದು ಯಾವ ಭಾಷೆಯಲ್ಲಿ?’ ಎಂದು. ಎರಡು ಭಾಷೆ ಕಿವಿಗೆ ಬಿದ್ದರೆ ಆಟಿಸಂ ಇರುವ ಮಗುವಿನ ಮಾತು ಹಿಂದೆ ಬೀಳುತ್ತದೆ ಎಂಬುದಕ್ಕೆ ಸಂಶೋಧನೆಗಳಲ್ಲಿ ಆಧಾರ ಸಿಕ್ಕಿಲ್ಲ, ತಾಯಿಗೆ ಸಲೀಸಾದ ಭಾಷೆಯಲ್ಲೇ ಧಾರಾಳವಾಗಿ ಮಾತನಾಡಿ ಎಂದರು. ಅಲ್ಲೇ, ಅವರ ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

ಮನೆಯಲ್ಲಿ ಮತ್ತೆ ತುಳು ಬಂತು. ಎಂಟು ತಿಂಗಳಾದ ಮೇಲೆ ಅವನ ಬಾಯಿಂದ ಬಂದ ಮೊದಲ ತುಳು ಶಬ್ದ ‘ಬೋಡ್ಚಿ’. ಬೇಡ ಅಂತ. ನಾನು ಇಷ್ಟಪಟ್ಟು ಮಾಡಿದ ಪತ್ರೊಡೆಯನ್ನು ನೋಡಿ ಹೇಳಿದ್ದು.

ಕೊಟ್ಟಾರ ಚೌಕಿ | 12:51

ಅಪ್ಪಟ ತುಳುವ! ಆದರೆ ಪತ್ರೊಡೆ ಬೇಡ ಎಂದದ್ದನ್ನು ಮಾತ್ರ ಕ್ಷಮಿಸಲಾಗದು.

ಕೋರಿರೊಟ್ಟಿ ಅಪ್ಪ | 1:05

ನಮ್ಮವನು ಒಣ ಕೋರಿರೊಟ್ಟಿ ಬಿಟ್ಟರೆ ಬೇರೆ ಏನನ್ನೂ ಮುಟ್ಟುವುದಿಲ್ಲ. ಅದರ ಜೊತೆಗಿನ ಕೋಳಿ ಸಾರು ತಾಗಿದರೆ ಮುಗಿಯಿತು. ಕುರುಕುರು ಸದ್ದು ಬರಬೇಕು, ಅಷ್ಟೇ. ಮದುವೆ ಮನೆಗೆ ಹೋಗುವಾಗಲೂ ಚೀಲದಲ್ಲಿ ಒಂದು ಪ್ಯಾಕೆಟ್ ಇರುತ್ತದೆ. ಬಡಿಸುವವರು ‘ಕೋಳಿ ಎಲ್ಲಿ?’ ಎಂದು ನನ್ನನ್ನು ಕೇಳುತ್ತಾರೆ.

ಮಸ್ಕತ್ ಅಬ್ಬ | 3:30

ಅಮ್ಮಂದಿರೇ ಬರೆಯುತ್ತಿದ್ದೀರಿ, ಹಾಗಾಗಿ ಬರೆಯಲು ಸಂಕೋಚ. ನನ್ನ ಹೆಂಡತಿ ತೊಕ್ಕೊಟ್ಟಿನಲ್ಲಿ ಮಗನ ಜೊತೆ, ನಾನು ಇಲ್ಲಿ. ಥೆರಪಿಗೆ ಹಣ ಬೇಕಾದರೆ ನಾನು ಇಲ್ಲಿರಬೇಕು. ನಾನು ಇಲ್ಲಿದ್ದರೆ ಅವಳಿಗೆ ಅಲ್ಲಿ ಇನ್ನೊಂದು ಜೋಡಿ ಕೈ ಇಲ್ಲ. ಈ ಲೆಕ್ಕವನ್ನು ಆರು ವರ್ಷದಿಂದ ಮಾಡುತ್ತಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.

ವಿಡಿಯೊ ಕರೆಯಲ್ಲಿ ಮಗ ನನ್ನ ಮುಖ ನೋಡುವುದಿಲ್ಲ. ಮೊದಮೊದಲು ಅವಳು ಅವನ ಗಲ್ಲ ಹಿಡಿದು ತಿರುಗಿಸುತ್ತಿದ್ದಳು, ನಾನು ಹೆಸರು ಕರೆದು ಕರೆದು ಸೋಲುತ್ತಿದ್ದೆ. ಕರೆ ಮುಗಿದ ಮೇಲೆ ಇಬ್ಬರಿಗೂ ಜಗಳ. ಒಂದು ದಿನ ಗಮನಿಸಿದೆ, ಅವನು ನೋಡುತ್ತಿದ್ದದ್ದು ನನ್ನ ತಲೆಯ ಮೇಲಿನ ಫ್ಯಾನನ್ನು. ಈಗ ನಾನು ಕರೆ ಬಂದ ಕೂಡಲೇ ಫೋನನ್ನು ನೆಲದ ಮೇಲೆ ಮೇಲ್ಮುಖವಾಗಿ ಇಟ್ಟು, ಪಕ್ಕದಲ್ಲಿ ಮಲಗಿಬಿಡುತ್ತೇನೆ. ಹತ್ತು ನಿಮಿಷ ಅಪ್ಪ ಮಗ ಇಬ್ಬರೂ ಮಸ್ಕತ್‌ನ ಫ್ಯಾನ್ ನೋಡುತ್ತೇವೆ. ಮೊನ್ನೆ ನಾನು ಫ್ಯಾನ್ ಆರಿಸಿದಾಗ ನಕ್ಕ. ಆ ಹೊತ್ತಿಗೆ ಹೆಂಡತಿ ಸ್ನಾನ ಮುಗಿಸಿ ಬರುತ್ತಾಳೆ. ದಿನದಲ್ಲಿ ಬಾಗಿಲು ಚಿಲಕ ಹಾಕಿ ಮಾಡುವ ಸ್ನಾನ ಅದೊಂದೇ ಅಂತೆ.

ಹೆಬ್ರಿ ಚಿಕ್ಕಮ್ಮ | 3:42

ಅಣ್ಣ, ಫೋನಿನಿಂದಲೇ ಮಗುವನ್ನು ಎತ್ತಿಕೊಂಡಿದ್ದೀರಿ.

ಪಡುಬಿದ್ರಿ ಮಳೆ | 4:10

ಮಳೆಗೆ ಜಿಲ್ಲಾಧಿಕಾರಿಗಳು ಶಾಲೆಗೆ ಕೊಡುವ ರಜೆಯ ಬಗ್ಗೆ ಯಾರೂ ಬರೆಯಲಿಲ್ಲವಲ್ಲ! ರೆಡ್ ಅಲರ್ಟ್ ಎಂದು ರಾತ್ರಿ ಸಂದೇಶ ಬರುತ್ತದೆ. ಊರಿನ ಮಕ್ಕಳೆಲ್ಲ ಕುಣಿಯುತ್ತಾರೆ, ನಮ್ಮ ಮನೆಯಲ್ಲಿ ಶೋಕ. ಬೆಳಿಗ್ಗೆ ಏಳೂವರೆಗೆ ಮಗಳು ಬ್ಯಾಗ್ ಹಾಕಿಕೊಂಡು, ಶೂ ಹಾಕಿಕೊಂಡು ಬಾಗಿಲ ಬಳಿ ನಿಲ್ಲುತ್ತಾಳೆ. ವ್ಯಾನ್ ಬರುವುದಿಲ್ಲ. ಕಳೆದ ಜುಲೈಯಲ್ಲಿ ಸಾಲಾಗಿ ರಜೆ ಬಂದಾಗ ನಾನೇ ಅವಳನ್ನು ಸ್ಕೂಟರಿನಲ್ಲಿ ಕೂರಿಸಿ, ಮಳೆಯಲ್ಲೇ ಶಾಲೆಯ ಮುಚ್ಚಿದ ಗೇಟಿನವರೆಗೆ ಹೋಗಿ, ಗೇಟು ಮುಟ್ಟಿಸಿ, ವಾಪಸು ಕರೆತಂದೆ. ಆಮೇಲೆ ಶೂ ಬಿಚ್ಚಿದಳು.

ಗಂಜಿ ಊಟ | 4:18

ಗೇಟು ಮುಟ್ಟಿಸುವ ಉಪಾಯ ನಮಗೂ ಬೇಕಿತ್ತು. ನಾಳೆಯೇ ಮಾಡುತ್ತೇನೆ.

ಕುಂದಾಪುರ 61 | ಸಂಜೆ 6:05

ನೀವೆಲ್ಲ ಏಳು ವರ್ಷ, ಎಂಟು ವರ್ಷ ಎಂದು ಬರೆದಿದ್ದೀರಿ. ನನಗೆ 61, ನನ್ನ ಮಗನಿಗೆ 34. ಅವನು ಚಿಕ್ಕವನಿದ್ದಾಗ ನಮ್ಮ ಕಡೆ ಆಟಿಸಂ ಎಂಬ ಶಬ್ದವನ್ನೇ ಯಾರೂ ಹೇಳಲಿಲ್ಲ. ಕಾಗದದಲ್ಲಿ ಬುದ್ಧಿಮಾಂದ್ಯ ಎಂದು ಬರೆದುಕೊಟ್ಟರು. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿದ್ದದ್ದು ಏಳೇ ಬಗೆ, ಅದರಲ್ಲಿ ಆಟಿಸಂ ಇರಲಿಲ್ಲ. 2016ರ ಕಾಯ್ದೆಯಲ್ಲಿ ಪಟ್ಟಿ 21 ಬಗೆಗೆ ಏರಿದಾಗ ಇದೂ ಬಂತು. ಅಷ್ಟರಲ್ಲಿ ಅವನಿಗೆ ಮೀಸೆ ಬಲಿತಿತ್ತು.

ಅವನ ಗಡ್ಡವನ್ನು ಅವನ ಅಪ್ಪ ಬೋಳಿಸುತ್ತಿದ್ದರು. ಅವರು ಹೋದ ಮೇಲೆ ಆ ಕೆಲಸ ನನ್ನದಾಯಿತು. ಮೊದಲ ಸಲ ಕೈ ನಡುಗಿ ಗಲ್ಲದ ಕೆಳಗೆ ಗೀರಿತು, ರಕ್ತ ಬಂತು. ಅವನು ನನ್ನ ಮುಖ ನೋಡಿದ, ಆಮೇಲೆ ತಾನೇ ಗಲ್ಲ ಎತ್ತಿ ಕೊಟ್ಟ. ಅವರು ಬೋಳಿಸುವಾಗ ಹಾಗೆಯೇ ಎತ್ತುತ್ತಿದ್ದ. ಈಗ ಪ್ರತಿ ಭಾನುವಾರ ಅಂಗಳದಲ್ಲಿ ಕುರ್ಚಿ ಹಾಕಿ ಬೋಳಿಸುತ್ತೇನೆ. ನನ್ನ ಕಣ್ಣು ಮಂದವಾಗುತ್ತಿದೆ. ಇದನ್ನು ಇನ್ನೆಷ್ಟು ವರ್ಷ ಮಾಡಿಯೇನು ಎಂಬುದು ರಾತ್ರಿ ಎರಡು ಗಂಟೆಗೆ ಬರುವ ಯೋಚನೆ. ಹಗಲಿನಲ್ಲಿ ಅದಕ್ಕೆ ಬಾಗಿಲು ತೆರೆಯುವುದಿಲ್ಲ.

ಬೈಕಂಪಾಡಿಯ ತಂಗಿ, ಅರ್ಧ ಗಂಟೆಗೆ ಇಷ್ಟು ಮರುಗಬೇಡ. ನಾನು 30 ವರ್ಷದಲ್ಲಿ ಒಂದು ಪ್ಲೇಟ್ ಗೋಳಿಬಜೆಯನ್ನೂ ಒಬ್ಬಳೇ ತಿನ್ನಲಿಲ್ಲ. ಅದರಿಂದ ನನ್ನ ಮಗನಿಗೆ ಯಾವ ಲಾಭವೂ ಆಗಲಿಲ್ಲ. ನನಗೆ ಬಿ.ಪಿ. ಬಂತು, ಅಷ್ಟೇ.

ಉಡುಪಿ ಟೀಚರ್ | 7:30

ನಾನು ವಿಶೇಷ ಶಿಕ್ಷಕಿ, 14 ವರ್ಷದಿಂದ ಇದೇ ಕೆಲಸ. ಕುಂದಾಪುರದ ಅಮ್ಮನಿಗೆ ಮೊದಲು ಹೇಳಬೇಕು. 1999ರ ರಾಷ್ಟ್ರೀಯ ಟ್ರಸ್ಟ್ ಕಾಯ್ದೆಯ ಪ್ರಕಾರ ಆಟಿಸಂ ಇರುವ, 18 ದಾಟಿದವರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸಬಹುದು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಕೊಡಬೇಕು. ನಂಬಿಕೆಯ ಸಂಬಂಧಿಕರಿದ್ದರೆ ನೀವು ಗಟ್ಟಿಯಾಗಿರುವಾಗಲೇ ಈ ಕೆಲಸ ಮಾಡಿಸಿ. ಎರಡು ಗಂಟೆಯ ಯೋಚನೆ ಪೂರ್ತಿ ಹೋಗಲಿಕ್ಕಿಲ್ಲ, ಆದರೂ ಒಂದು ಕಾಗದ ಕೈಯಲ್ಲಿರುತ್ತದೆ. ಅದೇ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ಮಾಡಿಸಿದ್ದೀರಾ? ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, ಥೆರಪಿಯ ಖರ್ಚೂ ಅದರಲ್ಲಿ ಸೇರುತ್ತದೆ. ಅಂಗವೈಕಲ್ಯ ಪ್ರಮಾಣಪತ್ರ ಬೇಕು. ಮೊದಲು ನಿಮ್ಮ ಕೈಯಿಂದ ಖರ್ಚು ಮಾಡಿ ಆಮೇಲೆ ಬಿಲ್ ಕಳುಹಿಸಬೇಕು, ಹಾಗಾಗಿ ಒಂದು ಚೀಟಿಯನ್ನೂ ಎಸೆಯಬೇಡಿ.

ಇನ್ನು ಬೈಕಂಪಾಡಿ ಅಮ್ಮನ ಪ್ರಶ್ನೆ. ಪ್ರಮಾಣಪತ್ರಕ್ಕಾಗಿ ಮಗುವನ್ನು ಅಳೆಯುವ ಭಾರತೀಯ ಮಾಪಕದಲ್ಲಿ 40 ಅಂಶಗಳಿವೆ. ಕಣ್ಣಿಗೆ ಕಣ್ಣು ಕೊಡುತ್ತದೆಯೇ, ಸದ್ದಿಗೆ ಬೆದರುತ್ತದೆಯೇ, ಹೀಗೆ. ಎದುರು ಕುಳಿತ ತಾಯಿ ರಾತ್ರಿ ಎಷ್ಟು ಗಂಟೆ ನಿದ್ದೆ ಮಾಡುತ್ತಾಳೆ ಎಂಬುದು ಆ 40ರಲ್ಲಿ ಇಲ್ಲ. ಅದು ಮಗುವಿನ ಮಾಪಕ, ಇರಬೇಕಾಗಿಯೂ ಇಲ್ಲ. ಆದರೆ ಬೇರೆ ಯಾವ ಕಾಗದದಲ್ಲೂ ನಾವು ಅದನ್ನು ಕೇಳುವುದಿಲ್ಲ. ನಾನೂ ಮೊದಲ ಐದಾರು ವರ್ಷ ಕೇಳಲಿಲ್ಲ. ಮನೆಪಾಠ ಯಾಕೆ ಮಾಡಿಸಲಿಲ್ಲ ಎಂದು ತಾಯಂದಿರನ್ನು ಗದರಿಸಿದವಳು ನಾನು.

ಬಸ್ಸಿನಿಂದ ಏಳದೆ ಇದ್ದದ್ದು ಸೋಮಾರಿತನವಲ್ಲ. ಆದರೆ ಎರಡು ವಾರಕ್ಕೂ ಮೀರಿ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಯಾವುದರಲ್ಲೂ ರುಚಿ ಇಲ್ಲ, ಬದುಕಿ ಏನು ಪ್ರಯೋಜನ ಎನಿಸುತ್ತದೆ ಎಂದಾದರೆ ವೈದ್ಯರನ್ನು ಕಾಣಲೇಬೇಕು. ಜ್ವರ ಬಂದರೆ ಹೋಗುವ ಹಾಗೆಯೇ. ಹೊರಗೆ ಹೋಗಲು ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. 2022ರಲ್ಲಿ ಆರಂಭವಾದದ್ದು, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತನಾಡಬಹುದು.

ಗಂಜಿ ಊಟ | 7:48

ಆಟಿಸಂ ಮಕ್ಕಳ ತಾಯಂದಿರ ಒತ್ತಡ ಯುದ್ಧಭೂಮಿಯ ಸೈನಿಕರಷ್ಟು ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿತ್ತು. ನಿಜವೇ?

ಮಣಿಪಾಲದ ಓದುಗ | 8:02

ಅರ್ಧ ನಿಜ. ಅಮೆರಿಕದ ವಿಸ್ಕಾನ್ಸಿನ್‌ನ ಸಂಶೋಧಕರು ಆಟಿಸಂ ಇರುವ ಹದಿಹರೆಯದ ಮತ್ತು ದೊಡ್ಡ ಮಕ್ಕಳ ತಾಯಂದಿರಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನು ಅಳೆದಿದ್ದರು. ಅದು ಹೆಚ್ಚಿರಲಿಲ್ಲ, ಕಡಿಮೆ ಇತ್ತು. ಬಹಳ ಕಾಲ ಒತ್ತಡದಲ್ಲೇ ಇದ್ದವರಲ್ಲಿ ಹಾಗಾಗುತ್ತದೆ, ಸೈನಿಕರಲ್ಲೂ ಕಂಡಿದೆ. ಮೈ ಎಚ್ಚರಿಕೆಯ ಗಂಟೆ ಬಾರಿಸಿ ಬಾರಿಸಿ ಸುಸ್ತಾದ ಹಾಗೆ. ವಾಟ್ಸ್‌ಆ್ಯಪ್‌ಗೆ ಸೈನಿಕ ಮಾತ್ರ ಸಿಕ್ಕಿದ.

ಕೊಟ್ಟಾರ ಚೌಕಿ | 8:06

ಸೈನಿಕರಿಗೆ ವರ್ಷಕ್ಕೊಮ್ಮೆ ಊರಿಗೆ ರಜೆಯಾದರೂ ಉಂಟು.

ಮಿಕ್ಸಿ | 9:15

ಈ ಚರ್ಚೆಯನ್ನು ನಿನ್ನೆಯಿಂದ ಓದುತ್ತಿದ್ದೇನೆ. ನನಗೆ 26 ವರ್ಷ. ಉಡುಪಿಯಲ್ಲಿ ಕೆಲಸ ಮಾಡುತ್ತೇನೆ. ನನಗೆ ಆಟಿಸಂ ಇದೆ. ಮಾಸ್ತರರೇ, ಸ್ವಲೀನ ಎಂದು ನಾನು ಹೇಳಿಕೊಂಡರೆ ಜನ ತಪಸ್ಸಿಗೆ ಕುಳಿತಿದ್ದೇನೆ ಎಂದುಕೊಳ್ಳುತ್ತಾರೆ, ಆದ್ದರಿಂದ ಆಟಿಸಂ ಎನ್ನುತ್ತೇನೆ.

ನಾನು ಚಿಕ್ಕವನಿದ್ದಾಗ ಅಮ್ಮ ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದರೆ ನಾನು ಕಿವಿ ಮುಚ್ಚಿ ಕಿರುಚುತ್ತಿದ್ದೆ. ಎಲ್ಲರೂ ಸದ್ದಿಗೆ ಹೆದರುತ್ತಾನೆ ಎಂದರು. ಅದು ನಿಜವೇ, ಆದರೆ ಪೂರ್ತಿ ನಿಜವಲ್ಲ. ಕೆಲವೊಮ್ಮೆ ಜಾರಿನಲ್ಲಿ ತೆಂಗಿನಕಾಯಿ ಇರುತ್ತಿರಲಿಲ್ಲ. ಖಾಲಿ ಮಿಕ್ಸಿಯ ಸದ್ದು ಬೇರೆ, ತೆಳ್ಳಗೆ, ಮೇಲೆ ಮೇಲೆ ಹೋಗುತ್ತದೆ. ಕಾಯಿ ಇಲ್ಲದೆ ಮಿಕ್ಸಿ ಯಾಕೆ ತಿರುಗುತ್ತಿದೆ ಎಂದು ನನಗೆ ಅರ್ಥವಾಗುತ್ತಿರಲಿಲ್ಲ, ಅದೇ ದೊಡ್ಡ ಹೆದರಿಕೆ. 19ನೇ ವರ್ಷದಲ್ಲಿ ಅಮ್ಮ ಹೇಳಿದರು: ಅಳುವುದು ನನಗೆ ಕೇಳಿಸಬಾರದೆಂದು ಹಾಗೆ ಮಾಡುತ್ತಿದ್ದರಂತೆ.

ನೀವು ಅಳಬಾರದು ಎಂದು ಹೇಳುತ್ತಿಲ್ಲ. ಆದರೆ ಇಲ್ಲಿ ಎಲ್ಲರೂ ಮಕ್ಕಳಿಗೆ ಏನೂ ಗೊತ್ತಾಗುವುದಿಲ್ಲ ಎಂಬಂತೆ ಬರೆಯುತ್ತಿದ್ದೀರಿ. ನಮಗೆ ಕಾರಣ ಗೊತ್ತಾಗುವುದಿಲ್ಲ, ಬದಲಾವಣೆ ಗೊತ್ತಾಗುತ್ತದೆ. ಬೈಕಂಪಾಡಿ ಅಮ್ಮ, ನಿಮ್ಮ ಮಗನಿಗೆ ಕಷ್ಟವಾದದ್ದು ಅರ್ಧ ಗಂಟೆಯಿಂದಲ್ಲ ಎಂದು ನನಗನಿಸುತ್ತದೆ. ಬಸ್ಸಿನ ಹಾರ್ನ್ ಬಂತು, ನೀವು ಬರಲಿಲ್ಲ. ಅವನ ಲೆಕ್ಕ ತಪ್ಪಿತು. ಮೊದಲೇ ಹೇಳಿ ಹೋಗಿ. ಮಾತಿನಲ್ಲಿ ಬೇಡ, ಚಿತ್ರದಲ್ಲಿ. ಮೊದಲ ಬಸ್ಸಿಗೆ ಅಡ್ಡಗೀಟು, ಎರಡನೇ ಬಸ್ಸಿನಲ್ಲಿ ಅಮ್ಮ. ಅಷ್ಟು ಸಾಕು.

ನನ್ನ ಅಮ್ಮ ಈಗ ಶನಿವಾರ ಮಲ್ಪೆಗೆ ಒಬ್ಬರೇ ಹೋಗುತ್ತಾರೆ. ಎಷ್ಟು ಗಂಟೆಗೆ ವಾಪಸು ಎಂದು ಫ್ರಿಜ್ ಮೇಲೆ ಬರೆದಿಟ್ಟು ಹೋಗುತ್ತಾರೆ. ಐದು ನಿಮಿಷ ತಡವಾದರೂ ನಾನು ಸಂದೇಶ ಕಳುಹಿಸುತ್ತೇನೆ. ಅದು ನನ್ನ ದೋಷ, ಅವರದ್ದಲ್ಲ.

ಮೂಲ್ಕಿ ತಾಯಿ | 9:22

ಮಗಾ ಎಂದು ಕರೆಯಬಹುದೇ? ನಿನ್ನ ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ಮಿಕ್ಸಿ | 9:40

ಹೇಳಿದೆ. ಯಾರು ಎಂದು ಕೇಳಿದರು. ಮೂಲ್ಕಿಯವರು, ಪತ್ರೊಡೆ ಮಾಡುವವರು ಎಂದೆ.

ನಿವೃತ್ತ ಮಾಸ್ತರ, ಬ್ರಹ್ಮಾವರ | ಶುಕ್ರವಾರ ಬೆಳಿಗ್ಗೆ 5:30

ನನ್ನ ಎಂಟನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಪಂಚಾಂಗ ನೋಡದೆ ಯಾವ ತಾರೀಕಿಗೆ ಯಾವ ವಾರ ಎಂದು ಹೇಳುತ್ತಿದ್ದ, ಆದರೆ ಹೆಸರು ಕರೆದರೆ ತಿರುಗುತ್ತಿರಲಿಲ್ಲ. ಹಠಮಾರಿ ಎಂದು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಅವನ ತಾಯಿ ಒಂದು ದಿನ ಬಂದು ಬಾಗಿಲ ಹೊರಗೇ ನಿಂತು ಹೋದರು. ಒಳಗೆ ಕರೆಯಲಿಲ್ಲ. ನಿನ್ನೆ ರಾತ್ರಿ ಅದೇ ನೆನಪು.

ಕೋರಿರೊಟ್ಟಿ ಅಪ್ಪ | 7:02

ಮಾಸ್ತರರೇ, ಬರೆದದ್ದಕ್ಕೆ ಉಪಕಾರ.

ಬೈಕಂಪಾಡಿ ಅಮ್ಮ | ಮಂಗಳವಾರ ರಾತ್ರಿ 10:50

ಇಷ್ಟು ದಿನ ಉತ್ತರಿಸದೆ ಇದ್ದದ್ದಕ್ಕೆ ಕ್ಷಮಿಸಿ. ಎಲ್ಲವನ್ನೂ ಓದಿದೆ. ಭಾನುವಾರ ರಾತ್ರಿ ಅತ್ತೆಗೆ ಹೇಳಿಬಿಟ್ಟೆ, ಬ್ಲಾಕ್ ಇರಲಿಲ್ಲ, ಸುರತ್ಕಲ್‌ನಲ್ಲಿ ಕುಳಿತಿದ್ದೆ ಎಂದು. ಅವರು ಬೀಡಿ ಎಲೆ ಕತ್ತರಿಸುತ್ತಿದ್ದರು. ಕತ್ತರಿ ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ‘ಶುಕ್ರವಾರ ನಾನು ದೇವಸ್ಥಾನದಿಂದ ಬರುವಾಗ ಎಷ್ಟು ಗಂಟೆಯಾಗುತ್ತದೆ?’ ಎಂದು ಕೇಳಿದರು. ಎಂಟೂವರೆ ಎಂದೆ. ‘ಮಂಗಳಾರತಿ ಏಳೂವರೆಗೇ ಮುಗಿಯುತ್ತದೆ’ ಎಂದರು.

14416ಕ್ಕೆ ಫೋನ್ ಮಾಡಿದೆ. ಅವರು ವೈದ್ಯರನ್ನು ನೋಡಲು ಹೇಳಿದ್ದಾರೆ. ಶನಿವಾರ ಹೋಗುತ್ತೇನೆ.

ಇವತ್ತು ಬೆಳಿಗ್ಗೆ ಎರಡು ಬಸ್ಸಿನ ಚಿತ್ರ ಬರೆದೆ. ನನ್ನ ಬಸ್ಸು ಇಡ್ಲಿ ಪಾತ್ರೆಯ ಹಾಗೆ ಬಂತು. ಮೊದಲನೆಯದಕ್ಕೆ ಅಡ್ಡಗೀಟು ಹಾಕಿ ತೋರಿಸಿದೆ. ಅವನು ಕಾಗದ ಕಿತ್ತುಕೊಂಡು ಚಡ್ಡಿಯ ಜೇಬಿಗೆ ತುರುಕಿದ. ಅರ್ಥವಾಯಿತೋ ಇಲ್ಲವೋ ತಿಳಿಯಲಿಲ್ಲ. ಸಂಜೆ ಮೊದಲ ಬಸ್ಸಿನ ಹಾರ್ನ್ ಕೇಳಿದಾಗ ಗೇಟಿಗೆ ಓಡಿದನಂತೆ. ಕಾಗದ ತೆಗೆದು ನೋಡಿದನಂತೆ. ಮತ್ತೆ ಗೇಟಿನಲ್ಲೇ ನಿಂತನಂತೆ, ಆದರೆ ಅಳಲಿಲ್ಲವಂತೆ. ಅತ್ತೆ ಈ ಸಲ ಕುರ್ಚಿ ತಂದು ಹಾಕಿಕೊಂಡಿದ್ದರು.

ಗೋಳಿಬಜೆ ಈ ಬಾರಿ ಅಷ್ಟು ಚೆನ್ನಾಗಿರಲಿಲ್ಲ. ಎಣ್ಣೆ ಹೆಚ್ಚಾಗಿತ್ತು.

ಪಡುಬಿದ್ರಿ ಮಳೆ | 10:58

ಯಾವ ಹೋಟೆಲ್? ಬೇಡ, ಹೆಸರು ಹಾಕಬೇಡಿ. ಬರುವ ಮಂಗಳವಾರ ನಾನೂ ಸುರತ್ಕಲ್‌ಗೆ ಬರಬಹುದು. ಮಾತನಾಡಲೇಬೇಕೆಂದೇನಿಲ್ಲ, ಎದುರು ಬೆಂಚಿನಲ್ಲಿ ಕೂರುತ್ತೇನೆ.

ಕೊಟ್ಟಾರ ಚೌಕಿ | 11:04

ಇವತ್ತು ಕೂಳೂರಿನಲ್ಲಿ ನಿಜವಾಗಿಯೂ ಒಂದೂವರೆ ಗಂಟೆ ಬ್ಲಾಕ್ ಮಾರಾಯರೇ. ಹೆಂಡತಿ ಈ ಚರ್ಚೆ ಓದಿದ್ದಾಳೆ. ಮನೆಯಲ್ಲಿ ಯಾರೂ ನಂಬುತ್ತಿಲ್ಲ.